ಬಾಟಲಿ ತಳದ ಬಿಳಿ ಗಸಿ

ಅಸ್ಗರಿ ಬೀಯ ಪ್ರಶ್ನೆಗೆ ಸಿಕ್ಕದೆ ಪಾರಾದವರು ಬಸವಕಲ್ಯಾಣದ ಆ ಓಣಿಯಲ್ಲಿ ಒಬ್ಬರೂ ಇಲ್ಲ. ಕೋಳಿ ಅಂಗಡಿಯವನನ್ನು ಹಿಡಿದು ನಿಲ್ಲಿಸಿ, ಕೋಳಿಯ ಹೊಟ್ಟೆಯೊಳಗೆ ಸಣ್ಣ ಕಲ್ಲು ಯಾಕಿರುತ್ತವೆ ಎಂದು ಕೇಳಿದವಳು ಅವಳು. ಮೀಟರ್ ನೋಡಲು ಬಂದವನು ಒಂದು ಕಪ್ ಚಹಾ ಕುಡಿದು ಏಳುವಷ್ಟರಲ್ಲಿ ಅವನಿಗೇ ಕರೆಂಟಿನ ಬಗ್ಗೆ ಅನುಮಾನ ಶುರುವಾಗಿತ್ತು. ಓಣಿಯವರು ಬೇಸತ್ತು ಅವಳಿಗೆ ‘ಯಾಕ್ ಬೀ’ ಎಂದು ಹೆಸರಿಟ್ಟರು. ಅವಳು ಸಿಟ್ಟಾಗಲಿಲ್ಲ. ಹಾಗಂತ ಯಾಕೆ ಕರೆಯುತ್ತೀರಿ ಎಂದು ಕೇಳಿದಳು, ಅಷ್ಟೆ.

ಗಂಡ ಗುಲಾಮ್ ರಸೂಲ್ ಪಾತ್ರೆಗೆ ಕಲಾಯಿ ಹಾಕುವವನು. ಮದುವೆ ಅಡುಗೆಯ ತಾಮ್ರದ ದೇಗುಗಳೆಂದರೆ ಇಬ್ಬರು ಎತ್ತಬೇಕಾದಂಥ ಹಂಡೆಗಳು. ಅವಕ್ಕೆ ತವರ ಹಚ್ಚುವ ಮೊದಲು ಒಳಗಿನ ಮಸಿ ಹೋಗಬೇಕು. ಅದಕ್ಕೆ ಅವನು ದೇಗಿನೊಳಗೆ ಮರಳು, ಹಳೆ ಬಟ್ಟೆ ಹಾಕಿ, ಬರಿಗಾಲಲ್ಲಿ ಇಳಿದು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತಾ ಕಾಲಿನಿಂದಲೇ ಉಜ್ಜುತ್ತಿದ್ದ. ಹೆಬ್ಬೆರಳು ಊರಿ ತಿರುಗದಿದ್ದರೆ ಆ ಕೆಲಸವೇ ಇಲ್ಲ. ಸಕ್ಕರೆ ಕಾಯಿಲೆ ಅವನ ಪಾದಗಳ ಸ್ಪರ್ಶಜ್ಞಾನವನ್ನೇ ತಿಂದುಬಿಟ್ಟಿತ್ತು. ಹೀಗಾಗಿ ಮರಳಿನೊಳಗಿನ ಚೂಪು ಹರಳೊಂದು ಹೆಬ್ಬೆರಳನ್ನು ಕೊಯ್ದದ್ದು ಅವನಿಗೆ ಗೊತ್ತಾದದ್ದು ಬಟ್ಟೆ ಕೆಂಪಾದ ಮೇಲೆ.

ಗಾಯ ಮಾಯಲಿಲ್ಲ. ಹುಮನಾಬಾದಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಸಕ್ಕರೆ ಇಳಿಯಲೇಬೇಕು, ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತದೆ.

ಸಕ್ಕರೆ ಇಳಿಸುವ ಹೊಣೆ ಅಸ್ಗರಿಯದು. ಗಂಡನ ಕಣ್ಣಿಗೆ ಸಿರಿಂಜಿನ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲವಾದ್ದರಿಂದ ಇನ್ಸುಲಿನ್ ತುಂಬುವವಳೂ ಅವಳೇ, ಚುಚ್ಚುವವಳೂ ಅವಳೇ. ಆ ಕೆಲಸದಲ್ಲಿ ಅವಳಷ್ಟು ಶಿಸ್ತು ಯಾರಿಗಿತ್ತು? ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು. ತಳದಲ್ಲಿ ಬಿಳಿ ಗಸಿ ಕೂತಿರುತ್ತಿತ್ತು, ಮೇಲೆ ತಿಳಿ. ಮಳೆಗಾಲದಲ್ಲಿ ನಲ್ಲಿಗೆ ಕೆಂಪು ನೀರು ಬಂದರೆ ಪಟಿಕ ತಿರುವಿ, ಗಸಿ ಕೂರುವತನಕ ಕಾದು, ಕೊಡ ಕದಡದಂತೆ ಬಗ್ಗಿಸಿ ತಿಳಿಯನ್ನಷ್ಟೇ ತೆಗೆದುಕೊಳ್ಳುವುದು ಈ ಊರಿನ ಯಾವ ಹೆಂಗಸಿಗೆ ಗೊತ್ತಿಲ್ಲ? ಅಸ್ಗರಿ ಬಾಟಲಿಗೂ ಅದನ್ನೇ ಮಾಡಿದಳು: ಕದಡದಂತೆ ಓರೆ ಮಾಡಿ, ತಿಳಿಯನ್ನಷ್ಟೇ ಸಿರಿಂಜಿಗೆ ಎಳೆದುಕೊಂಡಳು. ಅಂಗೈಯಲ್ಲಿ ಉರುಳಿಸಿ ತೆಗೀರಿ ಎಂದು ಮೊದಲ ದಿನ ಯಾರೋ ಹೇಳಿದ್ದು ನೆನಪಿತ್ತು. ಅದು ಔಷಧದ ತಂಪು ಬಿಡಿಸಲಿಕ್ಕೆ ಎಂದುಕೊಂಡು, ಮುಷ್ಟಿಯಲ್ಲಿ ಅಲುಗಿಸದೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು.

ಮೊದಲ ಬಾಟಲಿ ತಳ ಮುಟ್ಟಿದಾಗ ಗಸಿಯೂ ಸಿರಿಂಜಿಗೆ ಬಂತು. ಆ ದಿನಗಳಲ್ಲಿ ಗುಲಾಮ್ ರಸೂಲ್ ಬೆವೆತು, ನಡುಗಿ, ಮಾತು ತೊದಲಿದ. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡ. ಅಸ್ಗರಿಗೆ ಖಾತ್ರಿಯಾಯಿತು: ಗಸಿಯೇ ಕೇಡು. ಅಂದಿನಿಂದ ಪ್ರತಿ ಬಾಟಲಿಯ ತಳದ ಬಿಳಿಯನ್ನು ಬಚ್ಚಲಿಗೆ ಚೆಲ್ಲಿದಳು. ಜಗತ್ತಿನ ಎಲ್ಲದಕ್ಕೂ ಯಾಕೆ ಎಂದು ಕೇಳಿದವಳು ಇದೊಂದನ್ನು ಕೇಳಲಿಲ್ಲ. ಗಸಿ ಎಂದರೆ ಗಸಿ, ಅದರಲ್ಲಿ ಕೇಳುವುದೇನಿದೆ?

ಸಕ್ಕರೆ ಮಾತ್ರ ಇಳಿಯಲೊಲ್ಲದು. ಡಾಕ್ಟರು ಔಷಧದ ಪ್ರಮಾಣ ಏರಿಸಿದರು, ಮತ್ತೆ ಏರಿಸಿದರು. ಔಷಧ ಸರಿಯಾಗಿ ಹೋಗುತ್ತಿದೆ, ಸಕ್ಕರೆ ಏರುತ್ತಿದೆ. ಹಾಗಾದರೆ ಗಂಡ ಕದ್ದು ತಿನ್ನುತ್ತಿದ್ದಾನೆ. ಅಸ್ಗರಿ ಪತ್ತೇದಾರಿಕೆಗೆ ಇಳಿದಳು. ಅವನ ಕರವಸ್ತ್ರ ಮೂಸಿದಳು. ಅಂಗಿ ಜೇಬಿಗೆ ಇರುವೆ ಬರುತ್ತವೆಯೇ ಎಂದು ಬಾಗಿಲ ಹಿಂದೆ ತೂಗುಹಾಕಿ ಕಾದಳು. ಇರುವೆಗಳೂ ಬರಲಿಲ್ಲ. ಆದರೂ ಮಿಠಾಯಿ ಅಂಗಡಿಯ ಮುಂದೆ ನಿಂತು, ನಾಲ್ಕು ಜನರೆದುರು, “ನಮ್ಮನಿಯವ್ರಿಗಿ ಜಿಲೇಬಿ ಕೊಡಬ್ಯಾಡ್ರಿ, ಬೆರಳು ಹೋಗ್ತದ” ಎಂದು ಸಾರಿ ಬಂದಳು.

“ಖುದಾ ಕಸಂ, ನಾ ತಿಂದಿಲ್ಲ ಅಸ್ಗರಿ” ಎಂದ ಅವನು.

“ಹಂಗಾದ್ರ ಸಕ್ಕರಿ ಎಲ್ಲಿಂದ ಬಂತ್ರಿ? ಮುಗಲಿಂದ ಉದುರ್ತದೇನು?”

ಅವನು ತನ್ನ ಜೇಬನ್ನು ತಾನೇ ಒಮ್ಮೆ ತಡವಿ ನೋಡಿಕೊಂಡ. ತಲೆ ತಗ್ಗಿಸಿ ಕೂತ.

ಮುಂದಿನ ಸಲ ಹುಮನಾಬಾದಿಗೆ ಹೋದಾಗ ಗುಲಾಮ್ ರಸೂಲ್‌ನನ್ನು ಗಾಯ ತೊಳೆಯಲು ಒಳಗೆ ಕರೆದರು. ಹೊರಗಿನ ಬೆಂಚಿನಲ್ಲಿ ಅಸ್ಗರಿಯ ಪಕ್ಕ ಮುಡಬಿಯ ರೈತ ವೀರಭದ್ರ ಕೂತಿದ್ದ. ರೊಟ್ಟಿಗಂಟು ಬಿಚ್ಚುವ ಮೊದಲು ಅವನು ಜೇಬಿನಿಂದ ದಪ್ಪನೆಯ ಪೆನ್ನೊಂದನ್ನು ತೆಗೆದ. ಅಸ್ಗರಿಗೆ ಇನ್ನೇನು ಬೇಕು?

“ಅಣ್ಣಾರ, ಇದೇನ್ರಿ, ಬರಿಯೋ ಪೆನ್ನೇನು?”

“ಪೆನ್ನೇ ಅಕ್ಕಾ. ಆದ್ರ ಬರಿಯೂದಲ್ಲ, ಚುಚ್ಚೂದು. ಒಳಗ ಇನ್ಸುಲಿನ್ ಅದ.”

“ಎಷ್ಟ್ ಹೋತಂತ ಹ್ಯಾಂಗ ತಿಳೀತದ?”

ವೀರಭದ್ರ ಹಿಂಬದಿಯ ತಿರುಪನ್ನು ತಿರುಗಿಸಿ ತೋರಿಸಿದ. ಟಿಕ್ ಟಿಕ್ ಎನ್ನುತ್ತಾ ಸಣ್ಣ ಕಿಟಕಿಯಲ್ಲಿ ಅಂಕಿ ಏರಿದವು.

“ಹಿಂದಕ್ಕ ತಿರುವಿದ್ರ ಕಡಿಮಿ ಆಗ್ತದೇನು? ಸೂಜಿ ಇಷ್ಟ್ ಗಿಡ್ಡ ಯಾಕದ? ಒಳಗ ಮುಟ್ತದೇನು?”

“ಆಗ್ತದ್ರಿ. ತೊಗಲಿನ ಕೆಳಗ ಹೋದ್ರ ಸಾಕಂತ.” ಅವನಿಗೂ ಹೇಳುವ ಹುರುಪು ಬಂದಿತ್ತು. ಅಂಕಿಯನ್ನು ಸೊನ್ನೆಗೆ ತಂದು, ಪೆನ್ನನ್ನು ಎರಡೂ ಅಂಗೈ ನಡುವೆ ಹೊಸೆದ, ಮೇಲೆ ಕೆಳಗೆ ಮಾಡಿದ. ಪೆನ್ನಿನೊಳಗಿನ ಗಾಜಿನ ಕೊಳವೆಯ ತಳದಲ್ಲಿ ಕೂತಿದ್ದ ಬಿಳಿ ಎದ್ದು ಹರಡತೊಡಗಿತು.

“ಅಯ್ಯೋ ಅಣ್ಣಾರ, ನಿಲ್ಲಸ್ರಿ!” ಅಸ್ಗರಿ ಕೈ ಅಡ್ಡ ಒಡ್ಡಿದಳು. “ಅಲುಗಾಡಸಬ್ಯಾಡ್ರಿ, ಗಸಿ ಏಳ್ತದ!”

ಕಾರಿಡಾರಿನ ಜನವೆಲ್ಲ ಇತ್ತ ತಿರುಗಿದರು. ವೀರಭದ್ರ ಅವಳ ಮುಖ ನೋಡಿದ. ನಗಬೇಕೆಂದಿದ್ದವನು ನಗಲಿಲ್ಲ.

“ಇದು ಗಸಿ ಅಲ್ರಿ ಅಕ್ಕಾ. ಇದೂ ಔಷಧನೇ. ಕೂಡಿಸ್ಲಿಲ್ಲಂದ್ರ ಅರ್ಧಮರ್ಧ ಹೋಗ್ತದ.”

ಅಸ್ಗರಿ ಮುಂದಿನ ಪ್ರಶ್ನೆಯನ್ನು ಅವನಿಗೆ ಕೇಳದೆ ಎದ್ದು ಒಳಕ್ಕೆ ನಡೆದಳು.

ಒಳಗೆ ಸಿಸ್ಟರ್ ಪೂನಂ ಗಾಯಕ್ಕೆ ಪಟ್ಟಿ ಸುತ್ತುತ್ತಿದ್ದಳು. ಅಸ್ಗರಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು: ತಿಳಿ ತೆಗೆದದ್ದು, ಬಿಳಿ ಚೆಲ್ಲಿದ್ದು. ಪೂನಂ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಕೇಳಿಸಿಕೊಂಡು, ಆಮೇಲೆ ಹೇಳಿದಳು.

“ಅಮ್ಮಾರ, ನಿಮ್ಮ ಬಾಟ್ಲಿಯಾಗ ಎರಡು ನಮೂನಿ ಔಷಧ ಕೂಡಿ ಅದಾವ್ರಿ. ತಿಳಿ ಇರೋದು ಲಗೂನ ಕೆಲಸ ಮಾಡಿ ಲಗೂನ ಮುಗೀತದ. ಬಿಳಿ ಇರೋದು ಸಾವಕಾಶ, ತಾಸುಗಟ್ಟಲೆ ಸಕ್ಕರಿ ಹಿಡದು ಇಡ್ತದ. ಅದನ್ನೇ ನೀವು ಚೆಲ್ಲೀರಿ.”

“ಹಂಗಾದ್ರ ಮೊದಲನೇ ಬಾಟ್ಲಿ ತಳಕ್ಕ ಬಂದಾಗ ಇವ್ರು ನಡುಗಿದ್ದು?”

“ಬಿಳಿದು ಎಲ್ಲಾ ತಳದಾಗೇ ಉಳದಿತ್ತಲ್ರಿ. ಅದು ಒಮ್ಮಿಗೇ ಹೆಚ್ಚಾಗಿ ಹೋಗಿ ಸಕ್ಕರಿ ಬಿದ್ದಿರ್ತದ.”

“ಎಲ್ಲಾ ಇನ್ಸುಲಿನ್ನೂ ಹೊಸೀಬೇಕೇನ್ರಿ?”

“ಇಲ್ರಿ. ಕೆಲವು ನೀರಿನಂಗ ತಿಳೀನೇ ಇರ್ತಾವ. ಅವು ಬೆಳ್ಳಗಾದ್ರ ಕೆಟ್ಟಾವಂತ ತಿಳೀಬೇಕು. ನಿಮ್ಮದು ಮಾತ್ರ ಹೊಸೀಬೇಕು, ಪೂರಾ ಹಾಲಿನಂಗ ಆಗೂತನಕ. ಜೋರಾಗಿ ಕುಲುಕಬ್ಯಾಡ್ರಿ, ನೊರಿ ಬರ್ತದ.”

ಡಾಕ್ಟರಿಗೆ ಸುದ್ದಿ ಮುಟ್ಟಿದ ಕೂಡಲೇ ಅವರು ಪ್ರಮಾಣವನ್ನು ಇಳಿಸಿದರು. ಇನ್ನು ಔಷಧ ಪೂರ್ತಿ ಹೋಗುತ್ತದೆ, ಏರಿಸಿದ ಲೆಕ್ಕದಲ್ಲೇ ಕೊಟ್ಟರೆ ಅಪಾಯ ಎಂದರು. ಬೆರಳು ತೆಗೆಯುವ ಮಾತು ಸದ್ಯಕ್ಕೆ ಮುಂದೆ ಹೋಯಿತು.

ಬಸ್ಸಿನಲ್ಲಿ ಅಸ್ಗರಿ ಕಿಟಕಿಗೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಅವಳಿಗೆ ಔಷಧ ಚೆಲ್ಲಿದ್ದಕ್ಕಿಂತ ಮಿಠಾಯಿ ಅಂಗಡಿಯ ಮುಂದೆ ಆಡಿದ ಮಾತು ಹೆಚ್ಚು ಸುಡುತ್ತಿತ್ತು.

“ನೀವಾದ್ರೂ ಯಾಕ ಸಿಟ್ಟಾಗ್ಲಿಲ್ರಿ?” ಎಂದಳು ಕೊನೆಗೆ. “‘ನೀ ಸುಳ್ಳ ಹೇಳಾಕತ್ತಿ’ ಅಂತ ನನಗ ಒದರಬಾರ್ದಾಗಿತ್ತೇನು?”

ಗುಲಾಮ್ ರಸೂಲ್ ಪಟ್ಟಿ ಸುತ್ತಿದ ಪಾದವನ್ನು ಸೀಟಿನಡಿಗೆ ಎಳೆದುಕೊಂಡ.

“ಹ್ಯಾಂಗ ಒದರಲಿ? ನೀ ಅಷ್ಟ್ ಖಾತ್ರಿಲೆ ಹೇಳ್ತಿದ್ದಿ. ನಾನೇ ನಿದ್ದಿಗಣ್ಣಾಗ ಎದ್ದು ತಿಂತೀನೇನೋ ಅಂತ ನನಗೂ ಅನಸಾಕತ್ತಿತ್ತು.”

ಅಸ್ಗರಿ ಅಳುವುದನ್ನು ಬಿಟ್ಟು ಅವನನ್ನೇ ನೋಡಿದಳು. ಆಮೇಲೆ ಇನ್ನೂ ಜೋರಾಗಿ ಅತ್ತಳು. ಬಸವಕಲ್ಯಾಣದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ನೇರ ಮಿಠಾಯಿ ಅಂಗಡಿಗೆ ನಡೆದು, ಅಲ್ಲಿದ್ದವರೆಲ್ಲರಿಗೂ ಕೇಳುವಂತೆ, ತನ್ನ ಗಂಡ ಒಂದು ಜಿಲೇಬಿಯನ್ನೂ ಕದ್ದು ತಿಂದಿಲ್ಲ, ತಪ್ಪು ತನ್ನದು ಎಂದು ಹೇಳಿ ಬಂದಳು.

ಗಾಯ ಮಾಯಲು ತಿಂಗಳುಗಳೇ ಬೇಕಾದವು. ಬೆರಳು ಉಳಿಯಿತು. ಆದರೆ ಇನ್ನು ಬರಿಗಾಲು ಮರಳು ಮುಟ್ಟಕೂಡದು ಎಂದು ಪೂನಂ ತಾಕೀತು ಮಾಡಿದ್ದಳು. ಮದುವೆ ಹಂಗಾಮಿನ ಮೊದಲ ದೇಗು ಅಂಗಳಕ್ಕೆ ಬಂದಾಗ ಗುಲಾಮ್ ರಸೂಲ್ ಚಪ್ಪಲಿ ಹಾಕಿದ ಕಾಲನ್ನು ಒಮ್ಮೆ, ದೇಗನ್ನು ಒಮ್ಮೆ ನೋಡುತ್ತಾ ಸ್ಟೂಲಿನ ಮೇಲೆ ಕೂತ. ಅಸ್ಗರಿ ಬಂದಳು, ಮರಳು ಸುರಿದಳು, ಬಟ್ಟೆ ಹಾಸಿದಳು, ಸೀರೆ ಎತ್ತಿಕಟ್ಟಿ ದೇಗಿನೊಳಗೆ ಇಳಿದಳು.

“ಮೊದಲ ಯಾವ ಕಡಿ ತಿರಗಬೇಕ್ರಿ? ಅದ್ಯಾಕ?”

“ಬ್ಯಾಡ ಅಸ್ಗರಿ. ನಿನ್ನ ಕಾಲಿಗಿ ಹರಳು ಚುಚ್ಚಿದ್ರ?”

“ಚುಚ್ಚಿದ್ರ ನನಗ ಗೊತ್ತಾಗ್ತದ್ರಿ” ಎಂದಳು ಅವಳು, ಗೋಡೆ ಹಿಡಿದುಕೊಂಡು.