ಗಿರಿಜಮ್ಮನ ಕೈ ಮತ್ತು ಐದು ಕ್ಲಿಕ್

೨೦೦೭ನೇ ಇಸವಿ, ಮಾರ್ಚ್ ತಿಂಗಳು. ಚಿಕ್ಕಮಗಳೂರಿನಲ್ಲಿ ನಾನು ಸ್ಟುಡಿಯೋ ತೆರೆದು ಹದಿನಾಲ್ಕು ವರ್ಷವಾಗಿತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋಗಳಲ್ಲೇ ಕಾಲ ಕಳೆದಿದ್ದ ನಾನು ಹಿಂದಿನ ವರ್ಷವಷ್ಟೇ ಡಿಜಿಟಲ್ ಕ್ಯಾಮೆರಾ ಕೊಂಡು, ಎಚ್‌ಡಿಆರ್ ಎಂಬ ಹೊಸ ವಿದ್ಯೆ ಕಲಿತಿದ್ದೆ. ಊರಿನಲ್ಲಿ ಅದು ಗೊತ್ತಿರುವವನು ನಾನೊಬ್ಬನೇ ಎಂಬ ಜಂಬ ಬೇರೆ.

ಆಗ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮಾಲೀಕರಾದ ನಾಗೇಶ ಗೌಡರು ಕರೆಸಿದರು. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಜಾಗ ಅದು. ಅಲ್ಲಿನ ಉದ್ದನೆಯ ಹಾಲ್‌ನಲ್ಲಿ ಇಪ್ಪತ್ತೆರಡು ಹೆಂಗಸರು ಮೇಜಿನ ಮೇಲೆ ಬೀಜ ಹರಡಿಕೊಂಡು, ಕಪ್ಪಾದದ್ದನ್ನು, ಒಡೆದದ್ದನ್ನು ಕೈಯಿಂದ ಹೆಕ್ಕಿ ತೆಗೆಯುತ್ತಿದ್ದರು. ಮುಂದಿನ ತಿಂಗಳು ಆ ಕೆಲಸಕ್ಕೆ ಯಂತ್ರ ಬರುವುದಿತ್ತು. ಅಲ್ಲಿಗೆ ಇವರ ಕೆಲಸ ಮುಗಿದಂತೆ. ಅದಕ್ಕೂ ಮುಂಚೆ ಆಫೀಸಿನ ಗೋಡೆಗೊಂದು ದೊಡ್ಡ ಫೋಟೋ, ಹೆಂಗಸರಿಗೆ ತಲಾ ಒಂದು ಪ್ರತಿ ಆಗಬೇಕಿತ್ತು.

"ನೋಡು ಮಾರಾಯ, ಕಿಟಕಿಯಾಚೆ ಕಣ ಕಾಣ್ಬೇಕು, ಅದರ ಹಿಂದೆ ಗುಡ್ಡ ಕಾಣ್ಬೇಕು. ಒಳಗೆ ಇವರ ಮುಖಾನೂ ಕಾಣ್ಬೇಕು. ಆಗುತ್ತಾ?" ಅಂದರು ಗೌಡರು.

"ಅದಕ್ಕೇ ಅಲ್ವಾ ಸಾರ್ ನಾನಿರೋದು," ಅಂದೆ.

ಹೊರಗೆ ಕಾಫಿ ಒಣಗುವ ಕಣದಲ್ಲಿ ಕಣ್ಣು ಕುಕ್ಕುವ ಬಿಸಿಲು, ಹಾಲ್ ಒಳಗೆ ಅರೆಗತ್ತಲು. ನಮ್ಮ ಕಣ್ಣಿಗೆ ಎರಡೂ ಕಾಣುತ್ತವೆ, ಕ್ಯಾಮೆರಾಗೆ ಕಾಣುವುದಿಲ್ಲ. ಗುಡ್ಡಕ್ಕೆ ಬೆಳಕು ಹೊಂದಿಸಿದರೆ ಮುಖ ಕಪ್ಪು, ಮುಖಕ್ಕೆ ಹೊಂದಿಸಿದರೆ ಕಿಟಕಿ ಬರೀ ಬಿಳುಪು. ಅದಕ್ಕಾಗಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗದಂತೆ ನಿಲ್ಲಿಸಿ, ಒಂದೇ ದೃಶ್ಯವನ್ನು ಬೇರೆ ಬೇರೆ ಶಟರ್ ವೇಗದಲ್ಲಿ ತೆಗೆಯುತ್ತೇವೆ. ಇದು ಬ್ರಾಕೆಟಿಂಗ್. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದರಿಂದ ಚೆನ್ನಾಗಿ ಬಂದ ಭಾಗವನ್ನು ಸೇರಿಸಿ ಒಂದೇ ಚಿತ್ರ ಮಾಡಬೇಕು. ಅದೇ ಎಚ್‌ಡಿಆರ್. ಅಂದು ನಾನು ತೆಗೆದದ್ದು ಐದು: ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗದಿಂದ ಹಿಡಿದು ಪೂರಾ ಎರಡು ಸೆಕೆಂಡಿನವರೆಗೆ.

"ಯಾರೂ ಅಲುಗಾಡಬೇಡಿ," ಎಂದು ಕೂಗಿ ಹೇಳಿದೆ. ಎಲ್ಲರೂ ಕೈಗಳನ್ನು ಮೇಜಿನ ಮೇಲಿಟ್ಟು ಉಸಿರು ಬಿಗಿಹಿಡಿದು ಕೂತರು. ಐದು ಸಲ ಕ್ಲಿಕ್ಕಿಸಿ, ಥ್ಯಾಂಕ್ಸ್ ಹೇಳಿ ಹೊರಟೆ.

ಸ್ಟುಡಿಯೋದಲ್ಲಿ ಐದನ್ನೂ ಸೇರಿಸಿ ನೋಡಿದರೆ, ಮುಂದಿನ ಸಾಲಿನ ಗಿರಿಜಮ್ಮನಿಗೆ ಎಂಟು-ಹತ್ತು ಅರೆಪಾರದರ್ಶಕ ಕೈಗಳು! ಮುಖ ಅಲುಗದಿದ್ದರೂ ಎರಡೂ ಕೈಗಳು ಬೀಜ ಹೆಕ್ಕುತ್ತಲೇ ಇದ್ದವು. ಪ್ರತಿ ಚಿತ್ರದಲ್ಲೂ ಅವು ಬೇರೆ ಬೇರೆ ಕಡೆ ಇದ್ದುದರಿಂದ ಬೆರೆಸಿದಾಗ ಹೀಗಾಗಿತ್ತು. ನನಗೆ ಸಿಟ್ಟು ಬಂತು. ಅಲುಗಾಡಬೇಡಿ ಅಂತ ಅಷ್ಟು ಹೇಳಿದ್ದೆನಲ್ಲ! ಶೇಕ್ ಆದ ಫೋಟೋ ಕೊಡುವುದು ನಮ್ಮ ಕಸುಬಿನಲ್ಲಿ ಮಾನ ಹೋಗುವ ಕೆಲಸ. ಪಕ್ಕದ ಬೀಜಗಳನ್ನೇ ಕಾಪಿ ಮಾಡಿ ಆ ಕೈಗಳ ಮೇಲೆ ಹರಡಿ ಮುಚ್ಚಿಬಿಟ್ಟೆ. ಅಲ್ಲಿನ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಿದ್ದರು. ತೋಳು ಮುಗಿದಲ್ಲಿ ಕೈ ಇಲ್ಲದಿದ್ದರೆ ಯಾರು ನೋಡುತ್ತಾರೆ ಅಂದುಕೊಂಡೆ.

ತಿಂಗಳ ಕೊನೆಗೆ ಕೊಟ್ಟ ನಾಲ್ಕಡಿ ಅಗಲದ ಪ್ರಿಂಟ್ ಗೌಡರಿಗೆ ಬಹಳ ಹಿಡಿಸಿತು. ಮಧ್ಯಾಹ್ನ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿ ನಗಾಡಿದರು. ಗಿರಿಜಮ್ಮ ಮಾತ್ರ ಚಿತ್ರದ ಹತ್ತಿರ ಹೋಗಿ, ಬೆರಳಿಟ್ಟು ಹುಡುಕಿದರು.

"ನನ್ನ ಕೈ ಎಲ್ಲಿ ಸಾರ್?"

"ನೀವು ಅಲುಗಾಡಿಸಿದ್ರಿ. ಅದಕ್ಕೇ ತೆಗೆದೆ."

"ಕ್ಲಿಕ್ ಅಂತು, ಆಯ್ತು ಅಂದ್ಕೊಂಡೆ. ಕೈ ಅದರಷ್ಟಕ್ಕೇ ಕೆಲಸಕ್ಕೆ ಹೋಯ್ತು. ಒಂದು ಫೋಟೋಗೆ ಐದು ಸಲ ಹೊಡೀತಾರೆ ಅಂತ ನೀವು ಹೇಳ್ಲಿಲ್ವಲ್ಲ?"

ಹೌದು, ಹೇಳಿರಲಿಲ್ಲ. ರೀಲ್ ಕ್ಯಾಮೆರಾ ಕಾಲದಿಂದಲೂ ಕ್ಲಿಕ್ ಅಂದರೆ ಮುಗಿಯಿತು ಎಂದೇ ಲೆಕ್ಕ. ಅದನ್ನು ಊರಿಗೆಲ್ಲ ರೂಢಿ ಮಾಡಿಸಿದವನೂ ನಾನೇ.

"ಬಿಡಿ ಗಿರಿಜಮ್ಮ, ಮುಖ ಚೆನ್ನಾಗಿ ಬಂದಿದೆಯಲ್ಲ," ಅಂದರು ಗೌಡರು.

"ಮುಖ ರೇಷನ್ ಕಾರ್ಡಲ್ಲೂ ಉಂಟು ಅಯ್ಯಾ. ಮೂವತ್ತೊಂದು ವರ್ಷ ಇಲ್ಲಿ ದುಡಿದಿದ್ದು ಕೈ. ಬಾಳೂರಲ್ಲಿರೋ ಮೊಮ್ಮಗಳು, ಅಜ್ಜಿ ನೀನು ಅಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳಿದ್ರೆ ಯಾವುದನ್ನ ತೋರಿಸ್ಲಿ?"

ನನಗೆ ನಾಚಿಕೆಯಾಯಿತು. ಇನ್ನೊಮ್ಮೆ ತೆಗೆಯೋಣವೆಂದರೆ ಯಂತ್ರಕ್ಕೆ ಜಾಗ ಮಾಡಲು ಹಿಂದಿನ ದಿನವೇ ಮೇಜುಗಳನ್ನು ಸಾಗಿಸಿಬಿಟ್ಟಿದ್ದರು. ಆದರೆ ಐದು ಮೂಲ ಚಿತ್ರಗಳು ಸಿಡಿಯಲ್ಲಿ ಭದ್ರವಾಗಿದ್ದವು. ಕೈಯನ್ನು ಐದರಿಂದ ಬೆರೆಸದೆ ಒಂದೇ ಒಂದರಿಂದ ತಂದು ಕೂರಿಸಬಹುದಿತ್ತು. ಎರಡು ಬಗೆಯಲ್ಲಿ ಚಿಕ್ಕ ಪ್ರಿಂಟ್ ಮಾಡಿ ಮರುದಿನ ಗಿರಿಜಮ್ಮನ ಮುಂದಿಟ್ಟೆ. ಒಂದರಲ್ಲಿ ಮೊದಲ ಕ್ಲಿಕ್ಕಿನ ಕೈ. ಕತ್ತಲಾಗಿದ್ದ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದ್ದರಿಂದ ತರಿತರಿಯಾಗಿತ್ತು, ಆದರೂ ಬೆರಳು ಎಣಿಸಬಹುದಿತ್ತು. ಇನ್ನೊಂದರಲ್ಲಿ ಅರ್ಧ ಸೆಕೆಂಡಿನದು. ಬೀಜಗಳ ಮೇಲೆ ಹರಿದಾಡಿದ ಮಬ್ಬು, ನಡುವೆ ಬಳೆಯ ಹಸಿರು ಗೆರೆ.

ಗಿರಿಜಮ್ಮ ಮೊದಲನೆಯದನ್ನು ಪಕ್ಕಕ್ಕೆ ಸರಿಸಿದರು. "ಇದು ಸುಮ್ನೆ ಕೂತಿದೆ. ನನ್ನ ಕೈ ಯಾವತ್ತೂ ಹೀಗೆ ಕೂತಿಲ್ಲ. ಇದನ್ನ ಹಾಕಿ," ಎಂದು ಮಬ್ಬಾದದ್ದನ್ನು ಕೊಟ್ಟರು.

ಹೊಸ ಪ್ರಿಂಟ್ ನೋಡಿ ಗೌಡರು ಹುಬ್ಬು ಗಂಟಿಕ್ಕಿದರು. "ಇಲ್ಲಿ ಶೇಕ್ ಆಗಿದೆಯಲ್ಲ ಮಾರಾಯ?"

"ಆಗಿದೆ ಸಾರ್. ಹಾಗೇ ಇರ್ಲಿ," ಅಂದೆ. ಕಸುಬಿಗೆ ಇಳಿದ ಮೇಲೆ ಆ ಮಾತನ್ನು ಹೇಳಿದ್ದು ಅದೇ ಮೊದಲು. ಗೌಡರು ಇನ್ನೊಂದಿಷ್ಟು ಹೊತ್ತು ನೋಡಿ, ಮೊಳೆ ಹೊಡೆಯಲು ಆಳನ್ನು ಕರೆದರು.

ಅಂದಿನಿಂದ ಟ್ರೈಪಾಡ್ ಹೂಡುವ ಮುಂಚೆ ಎಷ್ಟು ಕ್ಲಿಕ್ ಎಂದು ಹೇಳುತ್ತೇನೆ. ಚಿತ್ರದಲ್ಲಿ ಏನು ಕಾಣಬೇಕು ಎಂದು ಫೋಟೋ ಮಾಡಿಸುವವರನ್ನಷ್ಟೇ ಅಲ್ಲ, ಫೋಟೋದಲ್ಲಿ ಇರುವವರನ್ನೂ ಕೇಳುತ್ತೇನೆ. ಗೌಡರ ಆಫೀಸಿನ ಗೋಡೆಯ ಮೇಲೆ ಆ ಚಿತ್ರ ಈಗಲೂ ಇದೆ. ಅದರಲ್ಲಿ ನಲವತ್ತೆರಡು ಕೈಗಳು ಸ್ಪಷ್ಟವಾಗಿವೆ, ಎರಡು ಮಬ್ಬಾಗಿವೆ. ಕೆಲಸ ಮಾಡುತ್ತಿರುವುದು ಆ ಎರಡೇ.