ದನದ ಪುಡಿಗಾಗಿ ಅತ್ತೆಯವರೊಡನೆ ಬೆಳಗಾವಿಗೆ

ಶ್ರಾವಣ ಸೋಮವಾರ ಹೊರಡುವುದು ಬೇಡ ಎಂದು ನಾನು ಹೇಳಿದ್ದು ಭಕ್ತಿಯಿಂದಲ್ಲ, ಕಾಲುನೋವಿನ ಭಯದಿಂದ. ಸೋಮವಾರ ಬಸವಣ್ಣನ ವಾರ. ನಮ್ಮಲ್ಲಿ ಅಂದು ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಹೊಲದ ಕೆಲಸ ಇರುವುದಿಲ್ಲವಾದ್ದರಿಂದ ದನ ನೋಡಿಕೊಳ್ಳಲು ಗಂಡಸರು ಮನೆಯಲ್ಲಿ ಸಿಗುತ್ತಾರೆ, ಅದು ಸರಿ. ಆದರೆ ಗಾಡಿಯನ್ನೂ ಹೂಡುವಂತಿಲ್ಲ. ನಮ್ಮ ಹಳ್ಳಿಯಿಂದ ಖಾನಾಪುರ ಸ್ಟೇಶನ್ನಿಗೆ ಮೂರು ಮೈಲಿ ಕೆಸರು ತುಳಿಯಬೇಕು. ಅತ್ತೆಯವರಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ.

"ಎತ್ತಿಗೆ ವಾರಕ್ಕೊಂದಿನ ಸೂಟಿ. ನಮಗ ಕಾಲು ಅದಾವಲ್ಲ, ನಡಿ," ಎಂದು ಛತ್ರಿ ಬಿಚ್ಚಿ ಮುಂದೆ ನಡೆದೇಬಿಟ್ಟರು. ಆಗ ಅವರಿಗೆ ಅರವತ್ತು ದಾಟಿತ್ತು, ಅವತ್ತು ಉಪವಾಸ ಬೇರೆ. ಮೂವತ್ತರ ನಾನು ಬುತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತ ಹಿಂದೆ ಹೋದೆ. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಕಡೆ ಹೆಂಗಸರು ಪೇಟೆಗೆ ಹೋಗುವುದೆಂದರೆ ಸೀರೆಗೋ ಬಳೆಗೋ. ನಾವು ಹೋಗುತ್ತಿದ್ದುದು ದನಗಳಿಗೆ ತಿನ್ನಿಸುವ ಒಂದು ಪುಡಿಗೆ.

ಅದರ ಕಾರಣ ಹೇಳಿಬಿಡುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಹನ್ನೊಂದು ದನ. ಅವುಗಳಲ್ಲಿ ಅತ್ತೆಯವರ ಜೀವವೆಲ್ಲ ಗೌರಿ ಎಂಬ ಆಕಳ ಮೇಲೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಮ್ಮ ಹಣೆಗೆ ಹಚ್ಚಿದ ವಿಭೂತಿಯನ್ನೇ ಗೌರಿಯ ಹಣೆಗೂ ಮೂರು ಬೆರಳಿನಿಂದ ಎಳೆಯುತ್ತಿದ್ದರು. ಹಿಂದಿನ ವರ್ಷ ಗೌರಿಯ ಕರು ಎದ್ದು ನಿಲ್ಲಲಾರದೆ ತೀರಿಹೋಗಿತ್ತು. ಈ ವರ್ಷ ಮತ್ತೆ ಗಬ್ಬವಾಗಿದ್ದಳು. ಮೊದಲು ಕಟ್ಟಿದ ಹಗ್ಗ ಜಗಿದಳು, ಆಮೇಲೆ ನಮ್ಮವರ ಧೋತರದ ಚುಂಗು. ಒಂದು ಸಂಜೆ ಮೇವಿಗೆ ಹೋದವಳು ದವಡೆಯಲ್ಲಿ ಎಂಥದೋ ಹಳೆಯ ಎಲುಬು ಕಚ್ಚಿಕೊಂಡು ಕಟಕಟ ಕಡಿಯುತ್ತ ನೇರ ಅಂಗಳಕ್ಕೆ ಬಂದು ನಿಂತಳು. ಲಿಂಗವಂತರ ಮನೆಯ ಆಕಳು ಎಲುಬು ತಿನ್ನುತ್ತದೆ ಎಂದರೆ ಆಡಿಕೊಳ್ಳುವವರಿಗೆ ಅದೇ ಹಬ್ಬ. ಯಾರೋ ಮಾಟ ಮಾಡಿಸಿದ್ದಾರೆ ಎಂದರು ಕೆಲವರು. ಅತ್ತೆಯವರು ಮರುದಿನದಿಂದ ಗೌರಿಗೆ ವಿಭೂತಿ ಹಚ್ಚುವುದನ್ನು ನಿಲ್ಲಿಸಿದರು. ಅವಳನ್ನು ಮುಟ್ಟುವುದನ್ನೂ ಬಿಟ್ಟರು. ಗೌರಿ ಮಾತ್ರ ಬೆಳಿಗ್ಗೆ ಆ ಹೊತ್ತಿಗೆ ಸರಿಯಾಗಿ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು.

ಖಾನಾಪುರದ ದನದ ಡಾಕ್ಟರು ಬಂದು ನೋಡಿ ನಕ್ಕರು. "ಮಾಟ ಅಲ್ಲ, ಮಂತ್ರ ಅಲ್ಲ ಅವ್ವಾರ. ಈ ಕಡೆ ಮಳಿ ಭಾಳ, ಮಣ್ಣು ಕೆಂಪು. ಹುಲ್ಲಿನಾಗ ರಂಜಕ ಇಲ್ಲ. ಮೈಗೆ ಕಡಿಮಿ ಬಿದ್ದದ್ದನ್ನ ದನ ಎಲುಬಿನಾಗ ಹುಡಕತಾವ. ಬಯಲಾಗ ಬಿದ್ದ ಎಲುಬಿನಾಗ ವಿಷ ಇರ್ತೈತಿ. ಈ ಚಟ ಬಿಡಸಲಿಲ್ಲಂದ್ರ ಕರು ಅಷ್ಟ ಅಲ್ಲ, ಆಕಳಾನೂ ಹೋಗ್ತೈತಿ." ಸುಣ್ಣ ಮತ್ತು ರಂಜಕ ಎರಡೂ ಇರುವ ಪುಡಿ ಬೆಳಗಾವಿ ಪೇಟೆಯಲ್ಲಿ ಸಿಗುತ್ತದೆ, ಎಲ್ಲ ದನಕ್ಕೂ ಹಾಕಿ, ತಡಮಾಡಬೇಡಿ ಎಂದರು. ಅದರಲ್ಲಿ ಎರಡು ತರಹ: ಒಂದು ಕಲ್ಲಿನಿಂದ ತೆಗೆದದ್ದು, ಇನ್ನೊಂದು ಎಲುಬು ಬೇಯಿಸಿ, ಶುದ್ಧ ಮಾಡಿ, ಪುಡಿ ಮಾಡಿದ್ದು. ಎರಡನೆಯದರ ಹೆಸರು ಕೇಳಿ ಅತ್ತೆಯವರ ಕೈ ಕೊರಳಿನ ಲಿಂಗದ ಮೇಲೆ ಹೋಯಿತು.

"ಕಲ್ಲಿನ ಪುಡೀನ ತರೂಣು. ನಾನೂ ಬರ್ತೀನಿ. ನನ್ನ ದನದ ಬಾಯಾಗ ಹೋಗೂದು ನನ್ನ ಕಣ್ಣಿಗೆ ಬೀಳಬೇಕು," ಎಂದರು.

ಹಾಗೆ ಹೊರಟೆವು. ಖಾನಾಪುರದಲ್ಲಿ ಇಬ್ಬರ ಟಿಕೀಟು ಕೂಡಿ ಮೂರು ರೂಪಾಯಿಯೊಳಗೇ ಮುಗಿಯಿತು. ಗಾಡಿ ಎಂದಿನಂತೆ ತಡವಾಗಿಯೇ ಬಂತು. ಕಲ್ಲಿದ್ದಲಿನ ಎಂಜಿನ್ನು, ಕಿಟಕಿಯಲ್ಲಿ ಮುಖ ಇಟ್ಟರೆ ಕಣ್ಣಿಗೆ ಕಿಡಿ, ಇಡದಿದ್ದರೆ ಪಕ್ಕದವರ ಒದ್ದೆ ಕಂಬಳಿಯ ವಾಸನೆ. ನಾನು ಕಿಡಿಯನ್ನೇ ಆರಿಸಿಕೊಂಡೆ. ಹೊರಗೆ ನಾಟಿಯಾದ ಗದ್ದೆಗಳು ನೀರು ತುಂಬಿ ಹೊಳೆಯುತ್ತಿದ್ದವು. ಮದುವೆಯಾಗಿ ಧಾರವಾಡದ ಕಡೆಯಿಂದ ಬಂದ ಹೊಸತರಲ್ಲಿ ಈ ಹಸಿರು ನೋಡಿ, ಇಲ್ಲಿನ ದನಗಳಿಗೆ ಇನ್ನೇನು ಕಡಿಮೆ ಎಂದುಕೊಂಡಿದ್ದೆ. ಹುಲ್ಲು ಮೊಣಕಾಲುದ್ದ ಬೆಳೆದರೂ ಒಳಗೆ ಸತ್ವವಿಲ್ಲ ಎಂಬುದು ಗೌರಿಯಿಂದ ಗೊತ್ತಾಯಿತು.

ದೇಸೂರಿನಲ್ಲಿ ಸೌತೆಕಾಯಿ ಬುಟ್ಟಿಯೊಂದಿಗೆ ಒಬ್ಬ ಮರಾಠಿ ಹೆಂಗಸು ಹತ್ತಿ ನಮ್ಮ ಎದುರಿಗೆ ಕೂತಳು. ಅತ್ತೆಯವರು ಸೌತೆಕಾಯಿ ಕೊಳ್ಳಲಿಲ್ಲ. ನಿನ್ನ ಎಮ್ಮೆಗಳಿಗೆ ಏನು ಹಾಕುತ್ತೀಯವ್ವಾ ಎಂದು ಮರಾಠಿಯಲ್ಲಿ ವಿಚಾರಿಸಿದರು. ಒಲೆಯ ಬೂದಿಗೆ ಉಪ್ಪು ಬೆರೆಸಿ ಹಾಕುತ್ತೇನೆ, ಮತ್ತೇನು ಎಂದಳಾಕೆ. ಅತ್ತೆಯವರು ನನ್ನ ಕಡೆ ತಿರುಗಿ, "ನೋಡು, ಬೂದಿ," ಎಂದರು. ನಾವೂ ಬೂದಿ ಹಾಕಿ ನೋಡಿದ್ದೆವು, ಗೌರಿ ಬೂದಿಯನ್ನೂ ನೆಕ್ಕಿ ಎಲುಬನ್ನೂ ಹುಡುಕಿದ್ದಳು. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಬೆಳಗಾವಿಯಲ್ಲಿ ಇಳಿದಾಗ ಮಳೆ ಜಿಟಿಜಿಟಿ ಹಿಡಿದಿತ್ತು. ಮೊದಲು ಹತ್ತಿರದ ಟಿಳಕವಾಡಿಗೆ ನಡೆದೆವು. ಅಲ್ಲಿನ ಔಷಧ ಅಂಗಡಿಯೊಂದರಲ್ಲಿ ದನದ ಔಷಧಗಳೂ ಸಿಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಕಪಾಟಿನಲ್ಲಿ ಒಂದು ಡಬ್ಬಿ, ಅದರ ಮೇಲೆ ಗುಂಡಗಿನ ಆಕಳಿನ ಚಿತ್ರ. ಕಲ್ಲಿನಿಂದ ಮಾಡಿದ್ದು ಇದೇ ಎಂದ ಅಂಗಡಿಯವನು. ಅತ್ತೆಯವರ ಮುಖ ಅರಳಿತು. ಅವನು ಡಬ್ಬಿ ತೆಗೆದು ಅಲ್ಲಾಡಿಸಿ ತೋರಿಸಿದ. ಖಾಲಿ ಡಬ್ಬಿ, ಬರೀ ತೋರಿಕೆಗೆ ಇಟ್ಟದ್ದು.

"ಮಾಲು ಮುಂಬಯಿಂದ ಬರಬೇಕ್ರಿ. ದೀಪಾವಳಿ ಹೊತ್ತಿಗೆ ಬಂದ್ರ ಬಂತು."

"ದೀಪಾವಳಿಗೆ ನಮ್ಮ ಆಕಳು ಈದಿರ್ತೈತಪ್ಪ," ಎಂದರು ಅತ್ತೆಯವರು. ಊರಲ್ಲಿ ಇನ್ನೆಲ್ಲೂ ಅದು ಸಿಗುವುದಿಲ್ಲವೆಂದು ಅವನೇ ಹೇಳಿದ.

ಬೇರೇನಾದರೂ ಸಿಕ್ಕೀತು ಎಂದು ಟಾಂಗಾ ಹಿಡಿದು ರವಿವಾರ ಪೇಟೆಗೆ ಹೋದೆವು. ಅಲ್ಲಿ ಮೊದಲು ಕಂಡದ್ದು ಉಪ್ಪಿನ ಇಟ್ಟಿಗೆ. ಮೇವು ಹಾಕುವ ಗ್ವಾದಲಿಯ ಮೇಲೆ ತೂಗುಹಾಕಿದರೆ ದನಗಳು ತಾವೇ ನೆಕ್ಕುತ್ತವಂತೆ. ತಿಳಿಗೆಂಪು ಬಣ್ಣ, ನೋಡಲು ಸೊಗಸು. ಅತ್ತೆಯವರು ಬೆರಳು ಒದ್ದೆ ಮಾಡಿ ಅದಕ್ಕೆ ಒರೆಸಿ ನಾಲಿಗೆಗೆ ಇಟ್ಟುಕೊಂಡರು.

"ಅತ್ತೀ, ಉಪಾಸ ಕೆಟ್ಟಿತಲ್ಲ," ಎಂದೆ.

"ದನದ್ದು ನೆಕ್ಕಿದ್ರ ಕೆಡೂದಿಲ್ಲ. ಬರೇ ಉಪ್ಪು ಐತಿದು. ಉಪ್ಪು ನಮ್ಮ ಮನ್ಯಾಗೂ ಐತಿ," ಎಂದು ಅದನ್ನು ಅಲ್ಲಿಯೇ ಬಿಟ್ಟು ನಡೆದರು. ರಂಜಕವಿಲ್ಲದ ಉಪ್ಪು ಸಾಲದು ಎಂಬ ಡಾಕ್ಟರ ಮಾತನ್ನು ಅವರು ಮರೆತಿರಲಿಲ್ಲ.

ಉಳಿದದ್ದು ಹಿಂಡಿ ಮಾರುವ ದೊಡ್ಡ ಅಂಗಡಿ. ಹತ್ತಿಕಾಳು, ಶೇಂಗಾ ಹಿಂಡಿ, ಬೂಸಾದ ಚೀಲಗಳ ನಡುವೆ ದಪ್ಪ ಕಾಗದದ ಚೀಲಗಳಲ್ಲಿ ಬೂದಿಬಣ್ಣದ ಪುಡಿ. ಅದರಲ್ಲಿ ಏನಿರುತ್ತದೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅತ್ತೆಯವರು ಹಿಂಡಿಯ ರಾಶಿ ನೋಡುತ್ತಿದ್ದರು. ನಾನು ಗಲ್ಲಾದ ಮೇಲೆ ಕೂತಿದ್ದ ಮುದುಕ ಮಾಲಕರ ಹತ್ತಿರ ಬಗ್ಗಿ, ಅವಸರದಲ್ಲಿ ಹಿಂದೆಮುಂದೆ ಯೋಚಿಸದೆ, ಮೆಲ್ಲಗೆ ಮರಾಠಿಯಲ್ಲಿ, ಹಿರಿಯರು ಕೇಳಿದರೆ ಕಲ್ಲಿನ ಪುಡಿ ಎಂದುಬಿಡಿ, ಆಕಳು ಉಳಿಯಲಿ ಎಂದೆ.

"ಅಯ್ಯ, ನಿನಗ ಮರಾಠಿ ಕಲಿಸಿದಾಕಿ ನಾನ," ಎಂದಿತು ಬೆನ್ನ ಹಿಂದಿನ ದನಿ.

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಮಾಲಕರು ನನ್ನನ್ನೂ ಅವರನ್ನೂ ನೋಡಿ ಕೈಮುಗಿದರು. "ಎಲುಬಿನ ಪುಡೀನ ಐತಿ ಅವ್ವಾರ. ಚಂದಾಗಿ ಬೇಯಿಸಿದ್ದು, ವಾಸನಿ ಸುದ್ದಾ ಇಲ್ಲ. ನಿಮ್ಮಂಥವರಿಗೆ ಸುಳ್ಳು ಹೇಳಿ ಮಾರೂದಿಲ್ಲ. ಬ್ಯಾಡಾದ್ರ ಬಿಡ್ರಿ."

ಅತ್ತೆಯವರು ಹೊರಗೆ ಹೋಗಿ ತಗಡಿನ ಕೆಳಗೆ ನಿಂತರು. ನಾನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಅವರಿಗೆ ಚಹಾ ಹೇಳಿ, ನಾಚಿಕೆ ಬಿಟ್ಟು ನನಗೆ ಪೂರಿಭಾಜಿ ಹೇಳಿದೆ, ಮೇಲೆ ಒಂದು ತಟ್ಟೆ ಕುಂದಾ. ಕಟ್ಟಿ ತಂದ ಬುತ್ತಿ ಹಾಗೇ ಉಳಿಯಿತು. ಬೈಸಿಕೊಂಡ ಮೇಲೆ ನನಗೆ ಹಸಿವು ಜಾಸ್ತಿ. ಆದರೆ ಅವರು ಬೈಯಲೇ ಇಲ್ಲ, ಅದೇ ಕಷ್ಟವಾಯಿತು. ಬಸಿಯಲ್ಲಿ ಸುರಿದ ಚಹಾ ಕೆನೆಗಟ್ಟುವವರೆಗೂ ಬೀದಿ ನೋಡುತ್ತ ಕೂತಿದ್ದರು. ಆಮೇಲೆ ತಮ್ಮಷ್ಟಕ್ಕೇ ಎನ್ನುವಂತೆ ಶುರುಮಾಡಿದರು.

"ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನಾ ಗ್ವಾಡಿ ಮಣ್ಣು ಕೆರಕೊಂಡು ತಿಂತಿದ್ನಿ. ಹಿತ್ತಲದಾಗ, ಕಳ್ಳರಂಗ. ಒಂದಿನ ನಮ್ಮತ್ತಿ ನೋಡಿದ್ಲು. ಸತ್ನಿ ಅಂದ್ಕೊಂಡ್ನಿ. ಆಕಿ ಬೈಲಿಲ್ಲ. ಮರುದಿನ ಕುಂಬಾರರ ಮನಿಯಿಂದ ಸುಟ್ಟ ಮಣ್ಣಿನ ಹೆಂಟಿ ತಂದು ನನ್ನ ಉಡ್ಯಾಗ ಹಾಕಿ, ಇದನ್ನ ತಿನ್ನು, ಗ್ವಾಡಿದು ಹೊಲಸು ಇರ್ತೈತಿ, ಅಂದ್ಲು."

ನಾನು ಕೈಯಲ್ಲಿದ್ದ ಪೂರಿ ಕೆಳಗಿಟ್ಟೆ.

"ಸೀಗಿ ಹುಣ್ಣಿಮಿಗೆ ಹೊಲ ಬಸರಾಗೇತಂತ ಅದಕ್ಕ ಬಯಕಿ ಊಟ ಒಯ್ತೀವಿ. ಹೊಲದ ತುಂಬ ಅನ್ನದ ಚರಗ ಚಲ್ಲತೀವಿ. ಮಣ್ಣಿಗೆ ಬಯಕಿ ಐತಿ, ನನಗಿತ್ತು. ಗೌರಿಗೆ ಬಂದ್ರ ಮಾತ್ರ ಮುಟ್ಟೂದು ಬಿಟ್ನಿ." ಒಂದೇ ಗುಟುಕಿಗೆ ತಣ್ಣನೆಯ ಚಹಾ ಕುಡಿದು ಎದ್ದರು. "ಬಸರಿ ಬೇಡಿದ್ದು ಇಲ್ಲ ಅನಬಾರದು. ಬಯಲಾಗಿಂದು ಹೊಲಸು ಇರ್ತೈತಿ. ಬೇಯಿಸಿದ್ದ ತಗೋ ನಡಿ. ಆದ್ರ ಚೀಲ ನೀ ಹಿಡಿ, ನನಗ ಮುಟ್ಟಸಬ್ಯಾಡ."

ಮೊದಲ ಸಲಕ್ಕೆ ಐದು ಕಿಲೋದ ಒಂದು ಚೀಲ ಕೊಂಡೆವು. ಮಾಲಕರು ದನಕ್ಕೆ ಎಷ್ಟೆಷ್ಟು ಹಾಕಬೇಕೆಂದು ಚಮಚೆಯಲ್ಲಿ ಅಳೆದು ತೋರಿಸಿದರು. ಸ್ಟೇಶನ್ನಿಗೆ ಬರುವಾಗ ಟಾಂಗಾದಲ್ಲಿ ಚೀಲ ನನ್ನ ಕಾಲ ಬಳಿ, ಅತ್ತೆಯವರು ಸೀರೆ ಒತ್ತರಿಸಿಕೊಂಡು ಆ ತುದಿಗೆ. ರೈಲಿನಲ್ಲೂ ಹಾಗೆಯೇ. ನಾನು ಚೀಲವನ್ನು ಕಿಟಕಿಯ ಕೆಳಗೆ ನಿಲ್ಲಿಸಿ, ಹೊಟ್ಟೆ ತುಂಬಿದ ಸುಖದಲ್ಲಿ ತೂಕಡಿಸತೊಡಗಿದೆ.

ದೇಸೂರು ದಾಟುವ ಹೊತ್ತಿಗೆ ಮಳೆ ಜೋರಾಯಿತು. ನಮ್ಮ ಕಿಟಕಿಯ ಷಟರು ಅರ್ಧಕ್ಕೇ ಸಿಕ್ಕಿಕೊಂಡಿತ್ತು; ಎರಚಲು ನೇರ ಒಳಗೆ. ಕಾಗದದ ಚೀಲ, ನೆಂದರೆ ಹರಿದು ಪುಡಿಯೆಲ್ಲ ಕೆಸರಾಗುವುದೇ ಸೈ. ನಾನು ಎಚ್ಚರಗೊಂಡು ಎಲ್ಲಿಡಲಿ ಎಂದು ಸುತ್ತ ನೋಡುವಷ್ಟರಲ್ಲಿ ಅತ್ತೆಯವರು ಬಗ್ಗಿ, ಎರಡೂ ಕೈಯಿಂದ ಚೀಲ ಎತ್ತಿ ತಮ್ಮ ಉಡಿಯಲ್ಲಿ ಇಟ್ಟುಕೊಂಡು ಮೇಲೆ ಸೆರಗು ಮುಚ್ಚಿದರು. ಮಳೆಗೆ ಬೆನ್ನು ಕೊಟ್ಟು ಕೂತರು. ನನಗೆ ಕಣ್ಣು ತುಂಬಿ ಬಂತು. ಎಂಜಿನ್ನಿನ ಕಿಡಿಯ ಮೇಲೆ ಹಾಕಿ ಒರೆಸಿಕೊಂಡೆ.

ಸ್ಟೇಶನ್ನಿಗೆ ನಮ್ಮವರು ಬಂದಿದ್ದರು, ನಡೆದುಕೊಂಡೇ. ಚೀಲ ಅವರ ಹೆಗಲೇರಿತು. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಗೌರಿಯ ಕರು ಮುಂದೆ ದೀಪಾವಳಿಗೆ ಮೊದಲೇ ಹುಟ್ಟಿ, ತಾಯಿ ನೆಕ್ಕಿ ಮುಗಿಸುವುದರೊಳಗೆ ತಾನೇ ಎದ್ದು ನಿಂತಿತು. ಆ ಸಂಜೆ ಅದೊಂದೂ ನಮಗೆ ಗೊತ್ತಿರಲಿಲ್ಲ.

ಅತ್ತೆಯವರು ಒಳಗೆ ಹೋಗದೆ ಸೀದಾ ಕೊಟ್ಟಿಗೆಗೆ ನಡೆದರು. ಬೂಸಾಕ್ಕೆ ನೀರು ಚಿಮುಕಿಸಿ, ಪುಡಿ ಅಳೆದು ಹಾಕಿ, ಬರಿಗೈಯಲ್ಲೇ ಕಲಸಿ ಗೌರಿಯ ಮುಂದೆ ಹಿಡಿದರು. ಗೌರಿ ಮೂಸಿ ನೋಡಲೂ ಇಲ್ಲ. ಬೂಸಾ ತಿಂದು, ಬುಟ್ಟಿ ನೆಕ್ಕಿ, ಆಮೇಲೆ ಅವರ ಅಂಗೈ, ಬೆರಳ ಸಂದು ಎಲ್ಲ ನೆಕ್ಕಿದಳು. ಅತ್ತೆಯವರು ಹುಡುಗಿಯಂತೆ ನಕ್ಕರು. ಎಲುಬು ಮುಟ್ಟಿದ ಕೈ, ತೊಳೆಯದೆ ಹೇಗೆ ಎಂದು ನಾನು ತಂಬಿಗೆ ನೀರು ಹಿಡಿದು ಓಡಿದೆ. ಅಷ್ಟರಲ್ಲಿ ಅವರು ಗೋಡೆಯ ಗೂಡಿನಲ್ಲಿದ್ದ ವಿಭೂತಿ ತೆಗೆದು, ಅದೇ ಕೈಯಿಂದ ಗೌರಿಯ ಹಣೆಗೆ ಮೂರು ಬೆರಳು ಎಳೆದಾಗಿತ್ತು.

"ನೀರು ಇರಲಿ ತಡಿ," ಎಂದರು ನನ್ನ ಕಡೆ ನೋಡದೆ, ಬುಟ್ಟಿಗೆ ಮತ್ತೆ ಬೂಸಾ ಸುರಿಯುತ್ತ. "ಇನ್ನೂ ಹತ್ತು ಬಾಯಿ ಕಾಯಾಕತ್ತಾವ."