ಗುಂಡು ತಾನಾಗಿ ಹಾರದಂತೆ ಕಾಯುವ ಸುಗಂಧಿ

ಏಳು ಗಂಟೆ ಸಮೀಪಿಸಿದರೂ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಕಬ್ಬಿಣದ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಮ್ಯಾನೇಜರ್ ರೋಸ್ಲಾನ್ ಅವರ ಕೈಯಲ್ಲಿ. ಇನ್ನೊಂದು, ಚೂಡಿದಾರದ ಮೇಲೆ ಕಂದು ಏಪ್ರನ್ ಕಟ್ಟಿಕೊಂಡು ನಿಂತಿರುವ ಸುಗಂಧಿ ಅವರ ಬಳಿ. ಒಬ್ಬರೇ ಬಂದರೆ ಈ ಬಾಗಿಲು ತೆರೆಯುವುದಿಲ್ಲ.

ಒಳಗೆ ಸಾಲಾಗಿ ನಿಂತ ರೈಫಲ್‌ಗಳಲ್ಲಿ ಒಂದನ್ನು ಸುಗಂಧಿ ಮೇಜಿನ ಮೇಲೆ ಮಲಗಿಸುತ್ತಾರೆ. ಗುಂಡು ಕೂರುವ ಜಾಗ ತೆರೆದು ಟಾರ್ಚ್ ಬಿಟ್ಟು ನೋಡುತ್ತಾರೆ, ಕಿರುಬೆರಳು ತೂರಿಸಿ ಮುಟ್ಟಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿಸುತ್ತಾರೆ.

"ನೀವೂ ನೋಡಿ. ಖಾಲಿ ಇದೆ ಅಂತ ನಾನೊಬ್ಬಳೇ ಅಂದ್ಕೊಂಡ್ರೆ ಸಾಲದು."

ಸೇಫ್ಟಿ ಹಾಕಿ ಟ್ರಿಗರ್ ಎಳೆಯುತ್ತಾರೆ. ಸದ್ದಿಲ್ಲ. ಟ್ರಿಗರ್ ಬಿಟ್ಟು ಸೇಫ್ಟಿ ತೆಗೆಯುತ್ತಾರೆ. ಆಗಲೂ ಸದ್ದಿಲ್ಲ. ರಬ್ಬರ್ ಸುತ್ತಿಗೆಯಿಂದ ಹಿಡಿಕೆಯ ಬದಿಗೆ ಒಂದೆರಡು ಏಟು ಕೊಟ್ಟು ಕಿವಿಯನ್ನು ಹತ್ತಿರ ತರುತ್ತಾರೆ. ಬಂದೂಕಿನ ಕೋಣೆಯಲ್ಲಿ ಇಷ್ಟೊಂದು ಮೌನವನ್ನು ನಾನು ನಿರೀಕ್ಷಿಸಿರಲಿಲ್ಲ. ಇದನ್ನು ಹೇಳಿದಾಗ ಅವರು ನಗುತ್ತಾರೆ. "ನನ್ ಕೆಲ್ಸ ಸರಿಯಾಗಿದ್ರೆ ಏನೂ ಕೇಳಿಸಲ್ಲ. ಕ್ಲಿಕ್ ಅಂದ್ರೆ ಪ್ರಾಬ್ಲಮ್."

ಸುಗಂಧಿ ಈ ಕ್ಲಬ್ಬಿನ ಆರ್ಮರರ್. ರೈಫಲ್‌ಗಳ ದುರಸ್ತಿಯ ಜೊತೆಗೆ ಟ್ರಿಗರ್, ಸೇಫ್ಟಿ, ಅವುಗಳ ಹಿಂದಿನ ಸ್ಪ್ರಿಂಗು, ಕೊಕ್ಕೆಗಳನ್ನು ನಿಯಮದಂತೆ ಹೊಂದಿಸುವುದೂ ಅವರದೇ ಕೆಲಸ. ಒಂದೊಂದು ಟ್ರಿಗರ್‌ಗೂ ತೂಕದ ಬಟ್ಟು ನೇತುಹಾಕಿ, ಎಷ್ಟು ಭಾರಕ್ಕೆ ಅದು ಜಗ್ಗುತ್ತದೆ ಎಂದು ಪರೀಕ್ಷಿಸುತ್ತಾರೆ. ಶೂಟರ್‌ಗಳಿಗೆಲ್ಲ ಹಗುರವಾದ ಟ್ರಿಗರ್ ಬೇಕು. ಬೆರಳು ತಾಗಿದರೆ ಗುಂಡು ಹೋಗಬೇಕು. ಕಿರಿಯರ ರೈಫಲ್‌ಗೆ ಕ್ಲಬ್ಬು ಗೊತ್ತುಮಾಡಿದ ತೂಕಕ್ಕಿಂತ ಕಡಿಮೆ ಮಾಡಲು ಸುಗಂಧಿ ಒಪ್ಪುವುದಿಲ್ಲ. "ಬೇಡೋರು ದಿನಾ ಬರ್ತಾರೆ. ಕೋಪ ಮಾಡ್ಕೊಂಡು ಹೋಗ್ತಾರೆ. ಮತ್ತೆ ಬಂದು ಇದೇ ರೈಫಲ್ ತಗೋತಾರೆ, ಇನ್ನೇನ್ ಮಾಡ್ತಾರೆ ಲಾ," ಎನ್ನುತ್ತಾರೆ, ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ.

ತುಮಕೂರಿನ ಹುಡುಗಿ ಮಲೇಷ್ಯಾದ ಬಂದೂಕಿನ ಕೋಣೆಗೆ ಬಂದದ್ದು ಹೇಗೆ? ಮದುವೆಗೆ ಮೊದಲು ಅವರು ಕೈಗಡಿಯಾರದ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುತ್ತಿದ್ದರು. ಗಂಡ ಸುಬ್ರಾಯ ಅವರಿಗೆ ಇಲ್ಲಿಯ ಮೆಡಿಕಲ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಜೊತೆಗೆ ಬಂದ ಸುಗಂಧಿ ಮನೆಯಲ್ಲಿ ಕೂರಲಾರದೆ, ತಮಿಳರೊಬ್ಬರ ಅಂಗಡಿಯ ಮೂಲೆಯಲ್ಲಿ ಗಡಿಯಾರ ರಿಪೇರಿಗೆ ಕುಳಿತರು. ಅಲ್ಲಿಗೆ ಹಳೆಯ ವಾಚು ಹಿಡಿದು ಬಂದವರು ಗುರ್ದಿಯಾಲ್ ಸಿಂಗ್. ಪೊಲೀಸ್ ಇಲಾಖೆಯಲ್ಲಿ ಬಂದೂಕು ದುರಸ್ತಿ ಮಾಡಿ ನಿವೃತ್ತರಾಗಿ ಈ ಕ್ಲಬ್ಬು ಸೇರಿದ್ದವರು. ಅವರ ಕೈ ಆಗಲೇ ನಡುಗಲು ಶುರುವಾಗಿತ್ತು.

"ನಾನ್ ಸ್ಪ್ರಿಂಗ್ ಹಾಕೋದನ್ನೇ ನೋಡ್ತಾ ಕೂತಿದ್ರು. ವಾಚ್ ಕೊಟ್ರೂ ಏಳಲಿಲ್ಲ. ಆಮೇಲೆ ಕೇಳಿದ್ರು, ಇದಕ್ಕಿಂತ ದೊಡ್ಡ ಸ್ಪ್ರಿಂಗ್ ಹಾಕ್ತೀಯಾ ಅಂತ. ನಾನು ಗೋಡೆ ಗಡಿಯಾರ ಅಂದ್ಕೊಂಡೆ."

ಬಂದೂಕು ಎಂದು ತಿಳಿದಾಗ ಸುಬ್ರಾಯ ಎರಡು ದಿನ ಮಾತು ಬಿಟ್ಟರಂತೆ. ಆದರೂ ಸುಗಂಧಿ ಹೋದರು. ಪೊಲೀಸ್ ವಿಚಾರಣೆ, ಪರೀಕ್ಷೆ, ಪರವಾನಗಿ ಎಲ್ಲ ಮುಗಿಯಲು ವರ್ಷಗಳೇ ಹಿಡಿದವು. ಸಿಂಗ್ ತೀರಿಕೊಂಡ ಮೇಲೆ ಮೇಜು ಇವರದಾಯಿತು.

ಈ ಮೇಜಿನ ನಿಯಮವೊಂದು ನನಗೆ ವಿಚಿತ್ರವೆನಿಸುತ್ತದೆ. ಸವೆದ ಭಾಗವನ್ನು ಬದಲಿಸಿದರೆ ಹಳೆಯದನ್ನು ಎಸೆಯುವ ಹಾಗಿಲ್ಲ. ಅದು ಇಲ್ಲೇ ಉಳಿಯಬೇಕು, ಕೊನೆಗೆ ಪೊಲೀಸರೆದುರೇ ನಾಶವಾಗಬೇಕು. ಮಲೇಷ್ಯಾದ ಕಾನೂನಿನ ಕಣ್ಣಿಗೆ ಬಂದೂಕಿನ ಬಿಡಿಭಾಗವೂ ಬಂದೂಕೇ. "ಚೂರು ಕಬ್ಬಿಣ ಅಂತ ಜೇಬಿಗೆ ಹಾಕ್ಕೊಂಡ್ರೆ ಜೇಲು," ಎನ್ನುತ್ತಾರೆ ಸುಗಂಧಿ. ಹೇಳುವಾಗ ಅವರ ಮುಖದಲ್ಲಿ ನಗುವಿಲ್ಲ. ಏಕೆಂದು ಕೇಳಿದಾಗ ಹೋದ ವರ್ಷದ ಸಂಗತಿ ಹೊರಬರುತ್ತದೆ.

ಮೇಧಾ ಕ್ಲಬ್ಬಿನ ಒಳ್ಳೆಯ ಕಿರಿಯ ಶೂಟರ್. ತಂದೆ ಡಾ. ಸೂರ್ಯನಾರಾಯಣ ಉಡುಪಿ ಕಡೆಯವರು, ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಸುಗಂಧಿಯವರ ಮನೆಗೂ ಅವರ ಮನೆಗೂ ಹಬ್ಬದೂಟದ ಬಳಕೆ. ಜೊಹೊರ್‌ನಲ್ಲಿ ನಡೆದ ಪಂದ್ಯಕ್ಕೆ ಪರವಾನಗಿಯೊಂದಿಗೆ ತಂದೆ-ಮಗಳು ಒಯ್ದಿದ್ದ ಕ್ಲಬ್ಬಿನ ರೈಫಲ್ ವಾಪಸಾಯಿತು. ರಾಜ್ಯ ತಂಡದ ಆಯ್ಕೆಗೆ ಎರಡೇ ದಿನ ಉಳಿದಿತ್ತು. ಸುಗಂಧಿ ಎಂದಿನಂತೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು.

ಕ್ಲಿಕ್.

ಟ್ರಿಗರ್ ಮುಟ್ಟಿರಲೇ ಇಲ್ಲ. ಗುಂಡಿದ್ದಿದ್ದರೆ ಹಾರುತ್ತಿತ್ತು. ಬಿಚ್ಚಿ ನೋಡಿದರೆ, ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಚಿಕ್ಕ ಕೊಕ್ಕೆ ಅವರು ಹಾಕಿದ್ದಲ್ಲ. ಬೇರೆ ಯಾರೋ, ಬೇರೆ ಯಾವುದನ್ನೋ ತಂದು ಕೂರಿಸಿದ್ದರು. ಟ್ರಿಗರ್ ಹೂವಿನಷ್ಟು ಹಗುರವಾಗಿತ್ತು.

ರೋಸ್ಲಾನ್ ಅವರಿಗೆ ತೋರಿಸಿದರು. ಅವರು ಬಾಗಿಲು ಮುಚ್ಚಿ, "ಕಾಕ್, ಹೊಸದು ಹಾಕಿಬಿಡಿ. ವಿಷಯ ಇಲ್ಲಿಗೇ ಮುಗೀಲಿ," ಎಂದರು. ಕಾಕ್ ಎಂದರೆ ಅಕ್ಕ. ಪೊಲೀಸರಿಗೆ ತಿಳಿಸಿದರೆ ಕ್ಲಬ್ಬಿಗೇ ಬೀಗ ಬೀಳಬಹುದೆಂಬ ಭಯ ಅವರದು.

"ಹೊಸದು ಹಾಕ್ತೀನಿ, ಅದೇನೂ ಕಷ್ಟ ಅಲ್ಲ," ಎಂದರಂತೆ ಸುಗಂಧಿ. "ಹಳೇದು ಎಲ್ಲಿದೆ?"

ರೋಸ್ಲಾನ್ ಸಂಜೆ ಡಾಕ್ಟರನ್ನು ಕರೆಸಿದರು. ಅವರು ಮುಚ್ಚಿಡಲಿಲ್ಲ. ಜೊಹೊರ್‌ನಲ್ಲಿ ಪರಿಚಯದವರೊಬ್ಬರು ಅರ್ಧ ಗಂಟೆಯಲ್ಲಿ ಟ್ರಿಗರ್ ಸಲೀಸು ಮಾಡಿಕೊಟ್ಟಿದ್ದರು. ಹಳೆಯ ತುಂಡು? ಅದು ಕಾರಿನಲ್ಲಿತ್ತು, ನಾಣ್ಯ ಹಾಕುವ ಗುಂಡಿಯಲ್ಲಿ. ಜೊಹೊರ್‌ನಿಂದ ಬಂದಾಗಿನಿಂದ ಅವರು ಅದರೊಂದಿಗೇ ಕಾಲೇಜಿಗೆ ಹೋಗಿಬರುತ್ತಿದ್ದರು.

"ಸುಗಂಧಿಯವರೇ, ಇಷ್ಟು ಸಣ್ಣ ಕಬ್ಬಿಣ ಮಾರಾಯ್ರೆ. ನೀವು ಇಟ್ಕೊಳ್ಳಿ, ನಾನು ಕೊಟ್ಟೇ ಇಲ್ಲ ಅಂದ್ಕೊಳ್ಳಿ. ಮಗು ಎರಡು ವರ್ಷದಿಂದ ಈ ಸೆಲೆಕ್ಷನ್‌ಗೆ ಕಾಯ್ತಾ ಉಂಟು."

"ಸರ್, ಈ ತುಂಡು ನಿಮ್ಮ ಹತ್ರ ಇದೆ ಅಂತ ಬೇರೆಯವ್ರು ಹೇಳಿದ್ರೆ ಒಂದು ಕೇಸು, ನೀವೇ ಹೋಗಿ ಕೊಟ್ರೆ ಮಾತೇ ಬೇರೆ. ನಾನು ಜೊತೆಗೆ ಬರ್ತೀನಿ. ಒಬ್ಬರನ್ನೇ ಕಳಿಸಲ್ಲ."

ಡಾಕ್ಟರು ಒಪ್ಪಲಿಲ್ಲ. ಬೇಡಿಕೊಂಡರು, ಆಮೇಲೆ ಗದರಿದರು. ಸುಗಂಧಿ ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದರು. ತುಂಡು ಸಿಕ್ಕಿದೆ, ತರುತ್ತಿದ್ದೇವೆ ಎಂದರು. ಅಷ್ಟಾದ ಮೇಲೆ ರೋಸ್ಲಾನ್ ಸೇರಿ ಮೂವರೂ ಒಂದೇ ಕಾರಿನಲ್ಲಿ ಹೋದರು. 

ಮುಂದಿನದು ಸುಲಭವಿರಲಿಲ್ಲ. ಕ್ಲಬ್ಬು ತಿಂಗಳುಗಟ್ಟಲೆ ಮುಚ್ಚಿತು. ಡಾಕ್ಟರು ಮತ್ತೆ ಮತ್ತೆ ವಿಚಾರಣೆಗೆ ಹೋಗಬೇಕಾಯಿತು. ಕೊನೆಗೆ ಪೊಲೀಸರು ಎಚ್ಚರಿಕೆ ಕೊಟ್ಟು ಬಿಟ್ಟರು. ರೈಫಲ್ ಠಾಣೆಯಲ್ಲೇ ಉಳಿಯಿತು, ಮೇಧಾಳ ಆಯ್ಕೆ ತಪ್ಪಿತು. ಕನ್ನಡದವರ ಹಬ್ಬದೂಟಕ್ಕೆ ಸುಗಂಧಿಯವರಿಗೆ ಕರೆ ಬರಲಿಲ್ಲ. ನಮ್ಮವರೇ ನಮ್ಮವರನ್ನು ಪೊಲೀಸರಿಗೆ ಕೊಟ್ಟರು ಎಂಬ ಮಾತು ಮಾತ್ರ ಬಂತು.

"ಬೇಜಾರಾಯ್ತು," ಎನ್ನುತ್ತಾರೆ ಅವರು. "ಸುಬ್ರಾಯರು ಮಮಕ್ ಅಂಗಡಿ, ಅದೇ ತಮಿಳು ಮುಸ್ಲಿಮರ ಹೋಟೆಲಿಂದ, ರೊಟ್ಟಿ ತಪಾವ್, ಅಂದ್ರೆ ಪಾರ್ಸೆಲ್, ಮಾಡ್ಕೊಂಡು ಬಂದ್ರು. ಇಬ್ರೇ ಕೂತು ಹಬ್ಬ ಮಾಡಿದ್ವಿ."

ಕ್ಲಬ್ಬು ಮತ್ತೆ ತೆರೆದ ವಾರ ಮೇಧಾ ಒಬ್ಬಳೇ ಬಂದಳು. ಬಾಗಿಲ ಬಳಿ ನಿಂತು, "ಆಂಟಿ, ವಾಟ್ ಎಕ್ಸಾಕ್ಟ್‌ಲಿ ಹ್ಯಾಪನ್ಡ್? ಯಾರೂ ಸರಿಯಾಗಿ ಹೇಳ್ಲಿಲ್ಲ ನಂಗೆ," ಎಂದಳು. ಸುಗಂಧಿ ಕಲಿಸಲೆಂದು ಇಟ್ಟಿದ್ದ, ಗುಂಡು ಕೂರದ ಮಾದರಿಯೊಂದನ್ನು ತೆಗೆದು, ಕೊಕ್ಕೆ ಸರಿಯಾಗಿ ಹಿಡಿಯದಿದ್ದರೆ ಏನಾಗುತ್ತದೆಂದು ತೋರಿಸಿದರು. ಕ್ಲಿಕ್ ಸದ್ದು ಕೇಳಿದ್ದೇ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಜೊಹೊರ್‌ನಲ್ಲಿ ಹೀಗೇ ಆಯ್ತು ಆಂಟಿ. ನಾನಿನ್ನೂ ಏಮ್ ಮಾಡಿರ್ಲಿಲ್ಲ, ಮೊಣಕೈ ಮ್ಯಾಟ್ ಮೇಲೆ ಜೋರಾಗಿ ಇಟ್ಟೆ, ಶಾಟ್ ಹೋಗ್ಬಿಡ್ತು. ಪಕ್ಕದ ಮಣ್ಣಿನ ದಿಬ್ಬಕ್ಕೆ. ನನ್ ಫಿಂಗರ್ ತಾಗಿರ್ಬೇಕು ಅಂದ್ಕೊಂಡೆ. ಅಪ್ಪ ಬೈತಾರೆ ಅಂತ ಹೇಳ್ಲಿಲ್ಲ."

ಸುಗಂಧಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. "ನಿನ್ ಬೆರಳು ತಾಗಿಲ್ಲ ಕಣಮ್ಮ. ನೀನೇನೂ ತಪ್ಪು ಮಾಡಿಲ್ಲ. ಮನೆಗೆ ಹೋಗಿ ಅಪ್ಪಂಗೆ ಇದನ್ನ ಹೇಳು." ತಾನು ಕೆಟ್ಟ ಶೂಟರ್ ಎಂದುಕೊಂಡು ಅಷ್ಟು ತಿಂಗಳು ಕಳೆದಿದ್ದ ಹುಡುಗಿ ಆಗ ಅತ್ತಳು.

ಮರುದಿನ ಡಾ. ಸೂರ್ಯನಾರಾಯಣ ಬಂದರು. ಕ್ಷಮೆ ಕೇಳಲಿಲ್ಲ, ಸುಗಂಧಿಯವರೂ ಅದನ್ನು ನಿರೀಕ್ಷಿಸಿರಲಿಲ್ಲ. "ಆ ದಿಬ್ಬದ ಹತ್ರ ನಾನೇ ನಿಂತಿದ್ದೆ, ಹತ್ತು ಹೆಜ್ಜೆ ಈಚೆ," ಎಂದರು ಅಷ್ಟೆ. ಆಮೇಲೆ ಮಗಳಿಗೆ ಕೊಡುವ ಹೊಸ ರೈಫಲನ್ನು ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿದರು. ಸುಗಂಧಿ ಮೊದಲಿನಿಂದ ಕೊನೆಯವರೆಗೆ ತೋರಿಸಿದರು. ಈಗ ಮೇಧಾ ಬಂದಾಗಲೆಲ್ಲ ಅವರೂ ಮೇಜಿನ ಆಚೆ ಬಂದು ನಿಲ್ಲುತ್ತಾರೆ. ಈ ವರ್ಷದ ಆಯ್ಕೆ ಇನ್ನೂ ನಡೆಯಬೇಕಿದೆ.

ಹೊರಗೆ ಬಿಸಿಲೇರಿದೆ. ಮೊದಲ ಶೂಟರ್‌ಗಳು ಕಿವಿಗೆ ರಕ್ಷಣೆ ಹಾಕಿಕೊಂಡು ಸಾಲು ನಿಂತಿದ್ದಾರೆ. ಅವರ ಪದಕಗಳ ಫೋಟೊ ಗೋಡೆ ತುಂಬ ಇವೆ, ಸುಗಂಧಿಯವರದು ಎಲ್ಲೂ ಇಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಮೇಧಾ ಶೂಟ್ ಮಾಡೋದನ್ನ ಒಂದ್ಸಲ ಮುಂದೆ ಕೂತು ನೋಡ್ಬೇಕು. ಪಂದ್ಯದ ದಿನ ನಾನು ಯಾವಾಗ್ಲೂ ಈ ರೂಮಲ್ಲೇ ಇರ್ತೀನಿ."

ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದರೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸುತ್ತಾರೆ.

"ಹಾಕಿ. ಆರ್ಮರರ್ ಹೆಸರು ಪೇಪರಲ್ಲಿ ಬರೋದು ಏನೋ ಅನಾಹುತ ಆದಾಗ. ನಂದು ಇಷ್ಟು ವರ್ಷ ಬಂದಿಲ್ಲ."